ಅಗೆಯುವ ಮುನ್ನ ನೆಲವನ್ನು ಓದೋಣ

ನಾಡಿನ ಇತಿಹಾಸವೆಲ್ಲವೂ ಗ್ರಂಥಗಳಲ್ಲಿ ಅಡಗಿರುವುದಿಲ್ಲ. ಅದರ ಬಹುಭಾಗವು ನಮ್ಮ ಕಾಲಕೆಳಗಿನ ಮಣ್ಣಿನಲ್ಲಿಯೇ ಇದೆ. ಸಿದ್ಧರಾಮ ಶಿವಯೋಗಿಗಳ ಸೊನ್ನಲಿಗೆಯಾದ ಸೊಲ್ಲಾಪುರದ ಸುತ್ತಲೂ, ಅಕ್ಕಲಕೋಟೆಯ ಸೀಮೆಯಲ್ಲಿಯೂ ಕಲ್ಯಾಣದ ಚಾಲುಕ್ಯರ ಕಾಲದ ಕನ್ನಡ ಶಾಸನಗಳು ದೊರೆತಿವೆ. ಭೀಮಾ-ಸೀನಾ ನದಿಗಳ ಸಂಗಮದಲ್ಲಿರುವ ಹತ್ತರಸಂಗ ಕೂಡಲದಲ್ಲಿ ಶಕ 940ರ, ಎಂದರೆ ಕ್ರಿ.ಶ. 1018ರ, ಮರಾಠಿ ಬರಹವಿದೆ. ಎರಡು ನುಡಿಗಳ ಹಳಮೆಯನ್ನು ಒಂದೇ ಮಣ್ಣು ಕಾದುಕೊಂಡು ಬಂದಿರುವುದು ಈ ಗಡಿಸೀಮೆಯ ಭಾಗ್ಯವೆಂದೇ ನಾವು ತಿಳಿಯುತ್ತೇವೆ.

ಆದರೆ ಮಣ್ಣಿನೊಳಗಿರುವುದು ನಮಗೆ ತಿಳಿಯುವುದಾದರೂ ಹೇಗೆ? ನಮ್ಮ ಭೀಮೆಯೇ ಮುಂದೆ ಹರಿದು ಸೇರುವ ಸನ್ನತಿಯಲ್ಲಿ, 1986ರಲ್ಲಿ, ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಕಾ ಗುಡಿಯ ಮಾಳಿಗೆ ಕುಸಿಯಿತು. ಆಗ ದೇವಿಯ ಪೀಠದ ಕಲ್ಲಿನಲ್ಲಿ ಅಶೋಕನ ಶಾಸನವು ಕಂಡಿತು. ಅಂಥ ಆಕಸ್ಮಿಕವನ್ನೇ ಎಲ್ಲೆಡೆಯೂ ನಂಬಿ ಕುಳಿತಿರುವುದು ತರವಲ್ಲ. ಇಂದಿನ ಯಂತ್ರವು ಸಾವಿರ ವರ್ಷದ ದಿಬ್ಬವನ್ನು ಒಂದೇ ಹಗಲಿನಲ್ಲಿ ನೆಲಸಮ ಮಾಡಬಲ್ಲುದು.

ಅಗೆಯದೆಯೇ ನೆಲದೊಳಗನ್ನು ಅರಿಯುವ ವಿದ್ಯೆಗೆ ಭೂಭೌತಿಕ ಸಮೀಕ್ಷೆಯೆಂದು ಹೆಸರು. ಇಂಗ್ಲೆಂಡಿನಲ್ಲಿ 1946ರಲ್ಲಿ ರಿಚರ್ಡ್ ಅಟ್ಕಿನ್‌ಸನ್ನರು ನೆಲದ ವಿದ್ಯುತ್ ರೋಧವನ್ನು ಅಳೆದು ಡಾರ್ಚೆಸ್ಟರಿನ ಬಳಿ ಹೂತುಹೋಗಿದ್ದ ಪ್ರಾಚೀನ ಕಂದಕಗಳನ್ನು ಗುರುತಿಸಿದರು. 1958ರಲ್ಲಿ ವಾಟರ್ ನ್ಯೂಟನ್ ಎಂಬಲ್ಲಿ ಹೆದ್ದಾರಿಯನ್ನು ಅಗಲಿಸುವ ಕಾರ್ಯಕ್ಕೆ ಮುಂಚಿತವಾಗಿ ಮಾರ್ಟಿನ್ ಏಟ್ಕನ್ನರು ಕಾಂತಮಾಪಕದಿಂದ ರೋಮನ್ನರ ಕಾಲದ ಕುಂಬಾರರ ಆವಿಗೆಯನ್ನು ಪತ್ತೆಹಚ್ಚಿದರು. ಬೆಂದ ಮಣ್ಣು ಕಾಂತಗುಣವನ್ನು ತಳೆದು ಉಳಿಸಿಕೊಳ್ಳುವುದೇ ಇದರ ಮರ್ಮ.

ನಮ್ಮ ರೈತರಿಗೆ ಈ ವಿದ್ಯೆ ತೀರ ಅಪರಿಚಿತವೇನಲ್ಲ. ಕೊಳವೆಬಾವಿಯನ್ನು ಕೊರೆಯುವ ಮುನ್ನ ಸಲಾಕೆಗಳನ್ನು ನೆಟ್ಟು, ವಿದ್ಯುತ್ತನ್ನು ಹರಿಸಿ, ನೀರಿನ ನೆಲೆಯನ್ನು ನೋಡುವುದುಂಟಷ್ಟೆ. ಅದೇ ಕ್ರಮ ಇಲ್ಲಿಯೂ ಸಲ್ಲುತ್ತದೆ. ಹಸಿಯಾದ ಎರೆಮಣ್ಣಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುವುದು. ಕಲ್ಲುಗೋಡೆ ಅದನ್ನು ತಡೆಯುವುದು. ಗೆರೆಗೆರೆಯಾಗಿ ಅಳೆದು ನಕ್ಷೆ ಬರೆದರೆ ಹೂತ ಗೋಡೆಯ ಜಾಡು ಮೂಡುತ್ತದೆ. ಆದರೆ ಇಲ್ಲಿಯ ಕರಿಕಲ್ಲಿಗೆ ತನ್ನದೇ ಕಾಂತಗುಣವಿರುವುದರಿಂದ ಕಾಂತಮಾಪಕವು ದಾರಿತಪ್ಪಿಸಬಹುದು. ರಾಡಾರಿನ ತರಂಗಗಳು ಹಸಿ ಜೇಡಿಯಲ್ಲಿ ಆಳಕ್ಕಿಳಿಯಲಾರವು. ಆದುದರಿಂದ ಒಂದೇ ಉಪಕರಣವನ್ನು ನೆಚ್ಚದೆ, ಸಂದೇಹ ಬಂದೆಡೆ ಚಿಕ್ಕ ಗುಳಿ ತೋಡಿ ಪರೀಕ್ಷಿಸಬೇಕಾಗುತ್ತದೆ.

1958ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯು ಕೇಂದ್ರ ಸರಕಾರದ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡವನ್ನು ನಿಷೇಧಿಸಿತು. ಯಾವ ಪಟ್ಟಿಯಲ್ಲಿಯೂ ಸೇರದ ದಿಬ್ಬಕ್ಕೆ ಈ ಬೇಲಿಯಿಲ್ಲ. ಅದಕ್ಕೆ ಊರಿನವರ ನೆನಪೊಂದೇ ಕಾವಲು. ಹಾಳೂರೆಂದು ಕರೆಯುವ ಹೊಲ, ಮರಾಠಿ ಬಾಂಧವರು ಪಾಂಢರಿ ಎನ್ನುವ ಬಿಳಿಮಣ್ಣಿನ ದಿಬ್ಬ, ನೇಗಿಲಿಗೆ ಸಿಕ್ಕುವ ಬೋಕಿ, ಕಟ್ಟೆಗೆ ಒರಗಿಸಿಟ್ಟ ಅಕ್ಷರದ ಕಲ್ಲು, ಇವನ್ನು ಹಿರಿಯರು ಹೇಳದಿದ್ದರೆ ಉಪಕರಣವನ್ನು ಎಲ್ಲಿಡಬೇಕೆಂಬುದು ಪರಸ್ಥಳದ ಅಧಿಕಾರಿಗೆ ತಿಳಿಯದು.

ರಸ್ತೆ, ಕಾಲುವೆ, ಕಾರ್ಖಾನೆಗಳು ನಮಗೂ ಬೇಕು. ಅವುಗಳಿಂದಲೇ ನಮ್ಮ ಮಕ್ಕಳ ಅನ್ನ. ನಾವು ಕೇಳುವುದು ಇಷ್ಟೇ: ಕೆಲಸ ಆರಂಭವಾಗುವ ಮುನ್ನ ನೆಲವನ್ನು ಒಮ್ಮೆ ಅಳೆದು ನೋಡಲಿ. ಕಾಗದದ ಮೇಲಿನ ರಸ್ತೆಯ ಗೆರೆಯನ್ನು ತಿದ್ದಬಹುದು. ಪುಡಿಯಾದ ಶಾಸನವನ್ನು ತಿರುಗಿ ಬರೆಯಲು ಯಾರಿಂದಲೂ ಆಗದು. ಪ್ರತಿಯೊಂದು ಮನೆಯವರೂ ತಮ್ಮ ಊರಿನ ಇಂಥ ನೆಲೆಗಳ ಹೆಸರನ್ನು ಬರೆದಿಟ್ಟು, ಗ್ರಾಮಪಂಚಾಯತಿಗೂ ಪುರಾತತ್ತ್ವ ಇಲಾಖೆಗೂ ತಿಳಿಸಲಿ. ಗಡಿನಾಡ ಕನ್ನಡಿಗರು ತಮ್ಮ ಹಿರಿಯರಿಗೆ ಸಲ್ಲಿಸಬಹುದಾದ ಸೇವೆ ಇದಾಗಿದೆ.