ಓಕ್ ಪೀಪಾಯಿಯ ಗ್ರೀಕ್ ಬಿಳಿ ವೈನ್: ಹೊಸಬರಿಗೊಂದು ಕೈಪಿಡಿ

ಗ್ರೀಸ್ ದೇಶದ ಬಿಳಿ ವೈನ್ ಎಂದರೆ ಬೇಸಿಗೆಯಲ್ಲಿ ತಣ್ಣಗೆ ಸೇವಿಸುವ ಹಗುರ ಪಾನೀಯವೆಂಬ ಭಾವನೆ ಅನೇಕರಲ್ಲಿದೆ. ಏಜಿಯನ್ ಸಮುದ್ರದ ಸ್ಯಾಂಟೊರಿನಿ ದ್ವೀಪದ ‘ನಿಕ್ಟೇರಿ’ ಇದಕ್ಕೆ ಅಪವಾದ. ಓಕ್ ಮರದ ಪೀಪಾಯಿಯಲ್ಲಿ ಪಕ್ವಗೊಳ್ಳುವ ಈ ವೈನನ್ನು ಮೊದಲ ಬಾರಿ ಸವಿಯುವವರಿಗೆ ಎದುರಾಗುವ ಪ್ರಶ್ನೆ ಒಂದೇ: ಮೂಗಿಗೆ ತಾಗುತ್ತಿರುವುದು ದ್ರಾಕ್ಷಿಯ ಪರಿಮಳವೋ, ಮರದ್ದೋ?

ದ್ವೀಪ ಮತ್ತು ದ್ರಾಕ್ಷಿ

ಸ್ಯಾಂಟೊರಿನಿ ಜ್ವಾಲಾಮುಖಿಯಿಂದ ರೂಪುಗೊಂಡ ನೆಲ. ಮಳೆ ತೀರ ಕಡಿಮೆ, ಗಾಳಿ ವಿಪರೀತ. ಆದಕಾರಣ ಅಲ್ಲಿನ ರೈತರು ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸದೆ ಬುಟ್ಟಿ ಹೆಣೆದಂತೆ ನೆಲಮಟ್ಟದಲ್ಲೇ ಸುತ್ತುತ್ತಾರೆ. ಗೊಂಚಲುಗಳು ಆ ಬುಟ್ಟಿಯೊಳಗೆ ಆಶ್ರಯ ಪಡೆಯುತ್ತವೆ. 19ನೇ ಶತಮಾನದಲ್ಲಿ ಯೂರೋಪಿನ ದ್ರಾಕ್ಷಿತೋಟಗಳನ್ನು ನಾಶಮಾಡಿದ ಫಿಲಾಕ್ಸೆರಾ ಕೀಟ, ಜೇಡಿ ಅಂಶ ಅತ್ಯಲ್ಪವಾಗಿರುವ ಈ ಮಣ್ಣಿನಲ್ಲಿ ನೆಲೆಯೂರಲಿಲ್ಲ. ದ್ವೀಪದ ಪ್ರಧಾನ ತಳಿ ಅಸಿರ್ತಿಕೊ. ಬಿರುಬಿಸಿಲಿನಲ್ಲಿ ಪೂರ್ಣ ಮಾಗಿದರೂ ಹುಳಿಯನ್ನು ಬಿಟ್ಟುಕೊಡದಿರುವುದು ಇದರ ವಿಶೇಷ.

ಗ್ರೀಕ್ ಭಾಷೆಯ ‘ರಾತ್ರಿ’ ಎಂಬ ಪದದಿಂದ ನಿಕ್ಟೇರಿ ಹೆಸರು ಬಂದಿದೆ. ಹಿಂದೆ ಕೊಯ್ದ ಹಣ್ಣನ್ನು ರಾತ್ರಿಯಲ್ಲಿ ಹಿಂಡುತ್ತಿದ್ದುದೇ ಇದಕ್ಕೆ ಕಾರಣ. ಈ ಹೆಸರಿನಲ್ಲಿ ಮಾರಾಟವಾಗಬೇಕಾದರೆ ವೈನಿನಲ್ಲಿ ಕನಿಷ್ಠ ಶೇ. 75ರಷ್ಟು ಅಸಿರ್ತಿಕೊ ಇರಬೇಕು ಹಾಗೂ ಅದು ಕನಿಷ್ಠ 3 ತಿಂಗಳು ಪೀಪಾಯಿಯಲ್ಲಿ ಕಳೆದಿರಬೇಕು.

ಮರದ ಕೊಡುಗೆ

ಪೀಪಾಯಿ ತಯಾರಿಸುವಾಗ ಓಕ್ ಹಲಗೆಗಳನ್ನು ಬೆಂಕಿಗೆ ಕಾಯಿಸಿ ಬಗ್ಗಿಸಲಾಗುತ್ತದೆ. ವೆನಿಲ್ಲಾ, ಲವಂಗ, ಕೊಬ್ಬರಿ, ಹುರಿದ ಬೀಜಗಳನ್ನು ನೆನಪಿಸುವ ಗಂಧಗಳು ಈ ಮರದಿಂದ ಬರುತ್ತವೆಯೇ ಹೊರತು ದ್ರಾಕ್ಷಿಯಿಂದಲ್ಲ. ನಿಂಬೆ, ಕಿತ್ತಳೆ ಸಿಪ್ಪೆ, ಕಲ್ಲು ಹಾಗೂ ಉಪ್ಪಿನ ಛಾಯೆಗಳು ಅಸಿರ್ತಿಕೊದ ಸ್ವಂತ ಗುರುತುಗಳು. ಗ್ರೀಸಿನ ಮತ್ತೊಂದು ಪ್ರಸಿದ್ಧ ವೈನ್ ‘ರೆತ್ಸಿನಾ’ದಲ್ಲಿ ಸಿಗುವ ಮರದ ವಾಸನೆ ಬೇರೆಯೇ. ಅದು ಪೈನ್ ಮರದ ಅಂಟಿನದು. ಅದಕ್ಕೂ ಓಕ್ ಪೀಪಾಯಿಗೂ ಸಂಬಂಧವಿಲ್ಲ.

ಸವಿಯುವ ಕ್ರಮ

ಅತಿಯಾದ ತಂಪು ಪರಿಮಳವನ್ನು ಅಡಗಿಸುತ್ತದೆ. ಆದ್ದರಿಂದ ಶೀಶೆಯನ್ನು ಸುಮಾರು 20 ನಿಮಿಷ ಮೊದಲೇ ಫ್ರಿಜ್‌ನಿಂದ ಹೊರಗಿಡುವುದು ಒಳಿತು. 10ರಿಂದ 12 ಡಿಗ್ರಿ ಸೆಲ್ಷಿಯಸ್ ಸೂಕ್ತ. ಗಾಜಿನ ಲೋಟದ ಮೂರನೇ ಒಂದು ಭಾಗ ಮಾತ್ರ ತುಂಬಿಸಿ, ಅಲುಗಿಸದೆ ಒಮ್ಮೆ, ತಿರುಗಿಸಿ ಮತ್ತೊಮ್ಮೆ ಮೂಸಬೇಕು. ಬಳಿಕ ಸಣ್ಣ ಗುಟುಕನ್ನು ಬಾಯಿತುಂಬ ಆಡಿಸಬೇಕು. ಬಾಯಲ್ಲಿ ನೀರೂರಿದರೆ ಅದು ಹುಳಿಯ ಕೆಲಸ. ಒಸಡು ತುಸು ಒಣಗಿದಂತಾದರೆ ಅದರಲ್ಲಿ ಮರದ ಪಾಲಿರಬಹುದು.

ಕಲಿಕೆಗೆ ಉತ್ತಮ ಮಾರ್ಗ ಎರಡು ಲೋಟಗಳದ್ದು. ಉಕ್ಕಿನ ತೊಟ್ಟಿಯಲ್ಲಿ ತಯಾರಾದ ಅಸಿರ್ತಿಕೊ ಒಂದರಲ್ಲಿ, ಪೀಪಾಯಿಯದ್ದು ಇನ್ನೊಂದರಲ್ಲಿ. ಒಬ್ಬನೇ ತಯಾರಕನ, ಒಂದೇ ವರ್ಷದ ವೈನ್‌ಗಳಾದರೆ ಮರದ ಪಾತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. ಅರ್ಧ ಗಂಟೆಯ ನಂತರ ಪುನಃ ಪರೀಕ್ಷಿಸಬೇಕು. ವೆನಿಲ್ಲಾ ಹಿಂದೆ ಸರಿದು ನಿಂಬೆ ಮುಂದೆ ಬಂದರೆ ಸಮತೋಲನವಿದೆ ಎಂದರ್ಥ. ವೆನಿಲ್ಲಾ ಮಾತ್ರ ಉಳಿದರೆ ಮರವು ಹಣ್ಣನ್ನು ನುಂಗಿದೆ.

ಜೊತೆಗೆ ಕೆಂಡದಲ್ಲಿ ಸುಟ್ಟ ಮೀನು, ಅಥವಾ ನಮ್ಮ ತೊವ್ವೆಯನ್ನು ಹೋಲುವ ದ್ವೀಪದ ಹಳದಿ ಬೇಳೆಯ ಖಾದ್ಯ ‘ಫಾವಾ’ ಹೊಂದುತ್ತದೆ.

ಬೆಲೆಯ ಪ್ರಶ್ನೆ

ಪ್ರವಾಸೋದ್ಯಮದ ಕಟ್ಟಡಗಳು ಹಾಗೂ ಬರಗಾಲದಿಂದ ಸ್ಯಾಂಟೊರಿನಿಯ ತೋಟಗಳು ಕುಗ್ಗುತ್ತಿವೆ. ಇತ್ತೀಚಿನ ವರ್ಷಗಳಲ್ಲಿ ಇಳುವರಿ ಕುಸಿದು ದ್ರಾಕ್ಷಿಯ ದರ ಏರಿದೆ. ಓಕ್ ಪೀಪಾಯಿಯನ್ನು ಜಗತ್ತಿನ ಯಾವ ಮೂಲೆಗೂ ತರಿಸಿಕೊಳ್ಳಬಹುದು. ಆ ಬುಟ್ಟಿ ಬಳ್ಳಿಯ ನೆಲವನ್ನು ಹಾಗೆ ತರಿಸಿಕೊಳ್ಳಲಾಗದು. ತೆತ್ತ ಹಣ ಯಾವುದಕ್ಕೆ ಸಂದಿತು ಎಂಬುದನ್ನು ನಾಲಿಗೆಯೇ ಹೇಳುವಂತಾದರೆ ಹೊಸಬರ ಮೊದಲ ಪಾಠ ಮುಗಿದಂತೆ.