ಹಸ್ತಾಕ್ಷರಕ್ಕೂ ಮೊದಲು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ತಾಲೂಕು ಊರುಗಳಲ್ಲಿ ಹೊಸ ಲೇಖಕರ ಪುಸ್ತಕ ಬಿಡುಗಡೆಯೆಂದರೆ ಶಾಲು, ಹಾರ, ಅತಿಥಿಗಳ ಭಾಷಣ. ಅದು ಮುಗಿದ ಮೇಲೆ ಲೇಖಕರು ಮೊದಲ ಪುಟದಲ್ಲಿ ‘ಪ್ರೀತಿಯಿಂದ’ ಎಂದು ಬರೆದು ರುಜು ಹಾಕುತ್ತಾರೆ. ಆದರೆ ರುಜು ಬೀಳುವುದು ಹೆಚ್ಚಾಗಿ ಗೌರವ ಪ್ರತಿಗಳ ಮೇಲೆ. ಹಣ ಕೊಟ್ಟು ಕೊಂಡವರು ಬೆರಳೆಣಿಕೆಯಷ್ಟು. ಹೆಸರಾದವರ ಮುಂದೆ ಓದುಗರು ಸಾಲುಗಟ್ಟುವುದು ಅವರ ಬರಹ ಮೊದಲೇ ಪರಿಚಯವಿರುವುದರಿಂದ. ಹೆಸರಾಗದವರಿಗೆ ಆ ಪರಿಚಯವೇ ದೊಡ್ಡ ತೊಡಕು. ಈ ತೊಡಕು ಹೊಸದಲ್ಲ ಎಂಬುದನ್ನು ಉತ್ತರ ಕರ್ನಾಟಕದ ಪುಸ್ತಕ ಚರಿತ್ರೆ ಹೇಳುತ್ತದೆ.

ಹಾವೇರಿ ಸೀಮೆಯ ಗಳಗನಾಥರು (1869–1942) ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಓದುಗರು ಬರಲಿ ಎಂದು ಕಾಯದೆ ಅವರಿದ್ದಲ್ಲಿಗೇ ಹೋದರು.

ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರತಂದರು. ಮುಂದೆ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಕಟ್ಟಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಅವರು ಅಚ್ಚಿಗೆ ತಂದ ವಚನಗಳಲ್ಲಿ ರುಜುವಿನ ಜಾಗದಲ್ಲಿರುವುದು ಅಂಕಿತ. ಬಾಗೇವಾಡಿಯ ಬಸವಣ್ಣನವರ ಅಂಕಿತದಲ್ಲೂ ಅವರ ಹೆಸರಿಲ್ಲ, ಕೂಡಲಸಂಗಮದೇವನ ಹೆಸರಿದೆ. ಸ್ವಂತ ಹೆಸರು ಮರೆಯಾಗಿ ಅಂಕಿತವಷ್ಟೇ ಉಳಿದ ವಚನಕಾರರೂ ಇದ್ದಾರೆ. ಆದರೂ ವಚನಗಳು ಓದುಗರನ್ನು ಮುಟ್ಟಿದವು, ಮುಟ್ಟಿಸುವವರೊಬ್ಬರು ಇದ್ದುದರಿಂದ.

ಮೂರನೆಯದು ಆಗ ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿಯ ಉದಾಹರಣೆ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ‘ಹಲಸಂಗಿ ಗೆಳೆಯರು’ ಹೆಣ್ಣುಮಕ್ಕಳ ಹಾಡುಗಳನ್ನು ಕಲೆಹಾಕಿದರು. ‘ಗರತಿಯ ಹಾಡು’ 1931ರಲ್ಲಿ ಬಂತು. ಬೀಸುಕಲ್ಲಿನ ಮುಂದೆ ಆ ಹಾಡು ಕಟ್ಟಿದವರು ಯಾರೆಂದು ಗೊತ್ತಿಲ್ಲ. ರುಜು ಹಾಕಲು ಲೇಖಕರೇ ಇಲ್ಲದ ಪುಸ್ತಕವದು. ಆದರೆ ಅದರ ಹಿಂದೆ ಒಂದು ಗೆಳೆಯರ ಬಳಗವಿತ್ತು.

ಗಳಗನಾಥರ ಹೊರೆಯನ್ನೂ ಹಳಕಟ್ಟಿಯವರು ಕಳೆದುಕೊಂಡ ಮನೆಯನ್ನೂ ನಾವು ಆದರ್ಶವೆಂದು ಹೊಗಳುತ್ತೇವೆ. ಸಂಶೋಧನಾ ವಿದ್ಯಾರ್ಥಿಯಾಗಿ ನನಗೆ ಆ ಹೊಗಳಿಕೆ ಸಾಲದೆನಿಸುತ್ತದೆ. ಓದುವ ಸಮಾಜ ಹೊರಬೇಕಾದ ಭಾರವನ್ನು ಅವರಿಬ್ಬರೂ ಒಂಟಿಯಾಗಿ ಹೊತ್ತರು. ಇಂದಿನ ಲೇಖಕರಿಂದಲೂ ಅದನ್ನೇ ಬಯಸುವುದು ನ್ಯಾಯವಲ್ಲ. ಅನುಸರಿಸಬಹುದಾದ ದಾರಿ ಹಲಸಂಗಿಯದು. ಸಿಂದಗಿಯ ಹೊಸ ಕವಿಯ ಪುಸ್ತಕವನ್ನು ಮುದ್ದೇಬಿಹಾಳದ ನಾಲ್ಕು ಮಂದಿ ಗೆಳೆಯರು ಮೊದಲೇ ಕೊಂಡು ಓದಲಿ, ಕಾಲೇಜಿನಲ್ಲೋ ಗ್ರಂಥಾಲಯದಲ್ಲೋ ಕೂತು ಅದರ ಬಗ್ಗೆ ಮಾತಾಡಲಿ, ಆಮೇಲೆ ಕವಿಯನ್ನು ಕರೆಯಲಿ. ಬಾಗೇವಾಡಿಯ ಕತೆಗಾರ್ತಿಗೆ ಇಂಡಿಯವರು ಅಷ್ಟೇ ಮಾಡಲಿ. ಆಗ ರುಜು ಕೇಳುವವರ ಕೈಯಲ್ಲಿ ಓದಿ ಮಡಚಿದ ಪುಟಗಳಿರುತ್ತವೆ. ಲೇಖಕರಿಗೆ ಕೇಳಲು ಅವರ ಹತ್ತಿರ ಒಂದೆರಡು ಪ್ರಶ್ನೆಗಳೂ ಇರುತ್ತವೆ.