ಮಂಗನ ಕಾಯಿಲೆಯ ಲಸಿಕೆ: ಒಂದು ಹಿನ್ನೋಟ

ಮಲೆನಾಡಿನಿಂದ ಬಂದು ಮುಂಬಯಿ, ಪುಣೆಗಳಲ್ಲಿ ನೆಲೆಸಿದ ನಮ್ಮ ಹಿರಿಯರಿಗೆ ಮಂಗನ ಕಾಯಿಲೆಯ ಹೆಸರು ಹೊಸದಲ್ಲ. ಆದರೆ ಅದರ ಲಸಿಕೆ ಸಿದ್ಧವಾದದ್ದು ಪುಣೆಯಲ್ಲಿ ಎಂಬುದು ಅನೇಕರಿಗೆ ತಿಳಿದಿರಲಿಕ್ಕಿಲ್ಲ. ಮೂರು ದಶಕ ಬಳಕೆಯಲ್ಲಿದ್ದು ನಿಂತುಹೋದ ಆ ಲಸಿಕೆಯ ಇತಿಹಾಸ ತಿಳಿಯತಕ್ಕದ್ದು.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗರಿಗೂ ವಿಪರೀತ ಜ್ವರ, ತಲೆಸಿಡಿತ, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಪುಣೆಯ ವೈರಸ್ ಸಂಶೋಧನ ಕೇಂದ್ರದ ತಜ್ಞರು ಬಂದರು. ಆಫ್ರಿಕದ ಹಳದಿ ಜ್ವರ ನಮ್ಮ ದೇಶಕ್ಕೂ ಕಾಲಿಟ್ಟಿತೇ ಎಂಬುದು ಮೊದಲ ಆತಂಕ. ಪರೀಕ್ಷಿಸಿದಾಗ, ಅದು ಅಲ್ಲಿಯವರೆಗೆ ಯಾರೂ ಕಂಡಿರದ ವೈರಸ್ಸೆಂದೂ, ರಷ್ಯದ ಒಂದು ಮೆದುಳು ಜ್ವರದ ವೈರಸ್ಸಿಗೆ ಹತ್ತಿರದ ದಾಯಾದಿಯೆಂದೂ ತಿಳಿಯಿತು.

ಇದನ್ನು ಹರಡುವುದು ಕಾಡಿನ ಉಣ್ಣೆ. ಮಂಗ ಸತ್ತೊಡನೆ ಅದರ ಮೈಮೇಲಿನ ಉಣ್ಣೆಗಳು ಕೆಳಗುದುರುತ್ತವೆ. ಸೌದೆಗೆ, ಸೊಪ್ಪಿಗೆ, ಕೊಟ್ಟಿಗೆಗೆ ಹಾಸುವ ದರಗಿಗೆ ಕಾಡು ಹೊಕ್ಕವರನ್ನು ಕಚ್ಚುತ್ತವೆ. ಡಿಸೆಂಬರಿನಿಂದ ಮೇವರೆಗೆ ಇದರ ಕಾಲ. ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ಆದರೆ ಇದಕ್ಕೆಂದೇ ಮದ್ದೂ ಇಲ್ಲ. ಆದ್ದರಿಂದ ಲಸಿಕೆಯ ಮೇಲೆ ಎಲ್ಲರ ಕಣ್ಣು ನೆಟ್ಟಿತು.

ಮೊದಲು ರಷ್ಯದ ರೋಗಕ್ಕೆಂದು ಇದ್ದ ಲಸಿಕೆಯನ್ನೇ ಕೊಟ್ಟು ನೋಡಿದರು, ಫಲ ದೊರೆಯಲಿಲ್ಲ. ಬಳಿಕ ಪುಣೆಯ ವಿಜ್ಞಾನಿಗಳು ಕೋಳಿಭ್ರೂಣದ ಜೀವಕೋಶಗಳಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್‌ನಿಂದ ಅದನ್ನು ನಿರ್ಜೀವಗೊಳಿಸಿ ಹೊಸ ಲಸಿಕೆ ಸಿದ್ಧಪಡಿಸಿದರು. 1990ರಿಂದ ಅದು ಮಲೆನಾಡಿನಲ್ಲಿ ವ್ಯಾಪಕವಾಗಿ ಬಳಕೆಗೆ ಬಂತು.

ಆರೋಗ್ಯ ಇಲಾಖೆಯ ಸೂಚನೆ ಸ್ಪಷ್ಟವಾಗಿತ್ತು. ರೋಗ ಕಂಡ ಜಾಗದ ಸುತ್ತ 5 ಕಿಲೋಮೀಟರು ವ್ಯಾಪ್ತಿಯಲ್ಲಿ, ಆರೇಳು ವರ್ಷ ದಾಟಿದ ಮಕ್ಕಳಿಂದ 65ರ ವೃದ್ಧರವರೆಗೆ ಎಲ್ಲರಿಗೂ ಒಂದು ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು. ಆರರಿಂದ ಒಂಬತ್ತು ತಿಂಗಳಲ್ಲಿ ಇನ್ನೊಂದು. ಆಮೇಲೆ ಐದು ವರ್ಷ ವರ್ಷಕ್ಕೊಂದು. ಕಾಗದದ ಮೇಲೆ ಇದು ಸುಲಭ. ಆದರೆ ಸೂಜಿ ಚುಚ್ಚಿದ ತೋಳು ಬಹಳ ನೋಯುತ್ತಿತ್ತು. ದಿನಗೂಲಿಯವನಿಗೆ ತೋಳು ನೋವೆಂದರೆ ಕೂಲಿಯೂ ಖೋತಾ. ಮೊದಲನೆಯದನ್ನು ಹಾಕಿಸಿಕೊಂಡವರಲ್ಲಿ ಅನೇಕರು ಮುಂದಿನದಕ್ಕೆ ಬರಲಿಲ್ಲ. 2005ರಿಂದ 2010ರವರೆಗಿನ ಅಂಕಿಅಂಶಗಳನ್ನು ಪರಿಶೀಲಿಸಿದಾಗ, ಎರಡು ಡೋಸಿನಿಂದ ಸುಮಾರು ಶೇಕಡಾ 62ರಷ್ಟು, ಮೂರನೆಯದೂ ಸೇರಿದರೆ ಸುಮಾರು 83ರಷ್ಟು ರಕ್ಷಣೆ ಕಂಡುಬಂತು. ಅಂದರೆ ಲಸಿಕೆಯ ಬಲವೆಲ್ಲ ಅದನ್ನು ಪೂರ್ತಿ ಮಾಡುವುದರಲ್ಲಿತ್ತು. ಜನ ಕೈಬಿಟ್ಟದ್ದೂ ಅಲ್ಲಿಯೇ. 2019ರಲ್ಲಿ ಸಾಗರ ತಾಲೂಕಿನ ಅರಲಗೋಡು ಸುತ್ತಮುತ್ತ ಹಲವರು ಈ ರೋಗಕ್ಕೆ ಬಲಿಯಾದರು. ಲಸಿಕೆಯ ಶಕ್ತಿಯೇ ಕುಂದಿದೆ ಎಂಬ ಕಾರಣದಿಂದ 2022ರಲ್ಲಿ ಅದನ್ನು ನಿಲ್ಲಿಸಲಾಯಿತು.

ಹೊಸ ಲಸಿಕೆಯನ್ನು ಸಿದ್ಧಪಡಿಸುವ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸಂಸ್ಥೆಯೊಡನೆ ಕೈಗೊಂಡಿದೆ. ಅದು ಎಷ್ಟೇ ಉತ್ತಮವಾಗಿ ಬಂದರೂ, ಕೂಲಿ ಕಳೆದುಕೊಳ್ಳುವವನ ಕಷ್ಟವನ್ನು ಲೆಕ್ಕಕ್ಕೆ ಹಿಡಿಯದ ಸೂಚನೆ ಮತ್ತೆ ಕಾಗದದಲ್ಲೇ ಉಳಿದೀತು.

ರಜೆಯಲ್ಲಿ ಊರಿಗೆ ಹೋಗುವ ನಮ್ಮವರೂ ಇಷ್ಟನ್ನು ನೆನಪಿಡಬೇಕು. ರೋಗವಿರುವ ಕಡೆ ಕಾಡಿಗಿಳಿಯುವ ಮುನ್ನ ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಕೇಂದ್ರದವರು ಕೊಡುವ ಎಣ್ಣೆ ಹಚ್ಚಿಕೊಳ್ಳಿ. ಮರಳಿ ಬಂದು ಬಿಸಿನೀರಿನಲ್ಲಿ ಸ್ನಾನ ಮಾಡಿ. ಸತ್ತ ಮಂಗವನ್ನು ಕಂಡರೆ ಮುಟ್ಟದೆ ಸುದ್ದಿ ಮುಟ್ಟಿಸಿ. ಇಲ್ಲಿಗೆ ಬಂದಮೇಲೆ ಜ್ವರ ಕಾಣಿಸಿದರೆ, ಮಲೆನಾಡಿಗೆ ಹೋಗಿದ್ದೆವೆಂದು ವೈದ್ಯರಿಗೆ ಮೊದಲೇ ತಿಳಿಸಿ. ನಗರದ ವೈದ್ಯರಿಗೆ ಈ ಕಾಯಿಲೆ ತಾನಾಗಿ ಹೊಳೆಯುವುದು ಕಷ್ಟ, ಹೇಳಬೇಕಾದವರು ನಾವೇ.